ಹೆಸರು ಬಂದ ವರ್ಷವೇ ಮತ ಹೋಯಿತು

1994ರಲ್ಲಿ ಔರಂಗಾಬಾದಿನ ವಿಶ್ವವಿದ್ಯಾಲಯಕ್ಕೆ ಸಂಬಂಧಿಸಿದ ಎರಡು ದೊಡ್ಡ ತೀರ್ಮಾನಗಳು ಮುಂಬಯಿಯಿಂದ ಬಂದವು. ಮೊದಲನೆಯದು ಎಲ್ಲರಿಗೂ ಗೊತ್ತು. ಜನವರಿ 14ರ ಸಂಕ್ರಾಂತಿಯಂದು ಮರಾಠವಾಡ ವಿಶ್ವವಿದ್ಯಾಲಯದ ಹೆಸರು ‘ಡಾ. ಬಾಬಾಸಾಹೇಬ್ ಅಂಬೇಡ್ಕರ್ ಮರಾಠವಾಡ ವಿಶ್ವವಿದ್ಯಾಲಯ’ ಎಂದಾಯಿತು. ಎರಡನೆಯದರ ಸದ್ದು ಅಷ್ಟಾಗಿ ಕೇಳಲಿಲ್ಲ. ಅದೇ ವರ್ಷ ಜಾರಿಗೆ ಬಂದ ಮಹಾರಾಷ್ಟ್ರ ವಿಶ್ವವಿದ್ಯಾಲಯಗಳ ಕಾಯ್ದೆಯು ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಸಂಘಗಳಿಗೆ ನಡೆಯುತ್ತಿದ್ದ ನೇರ ಚುನಾವಣೆಯನ್ನು ತೆಗೆದುಹಾಕಿತು. ಹೆಸರಿಗಾಗಿ ಹದಿನೈದು ವರ್ಷಕ್ಕೂ ಮಿಕ್ಕಿ ಬಡಿದಾಡಿದ ವಿದ್ಯಾರ್ಥಿಗಳು, ಪರ ಇದ್ದವರೂ ವಿರೋಧ ಇದ್ದವರೂ, ಒಂದೇ ಏಟಿಗೆ ಮತವಿಲ್ಲದವರಾದರು.

ಈ ಊರಿಗೆ ಈಗ ಛತ್ರಪತಿ ಸಂಭಾಜಿನಗರ ಎಂದು ಹೆಸರು. 2023ರಲ್ಲಿ ಅದೂ ಬದಲಾಯಿತು. ಹೆಸರಿಗಾಗಿ ಇಷ್ಟು ಜಗಳ ಕಂಡ ಊರು ಈ ಕಡೆಗೆ ಇನ್ನೊಂದಿರಲಾರದು. ಆದರೆ ನಾನು ಹೇಳುವ ಕತೆಯ ಹೆಚ್ಚಿನ ಪಾಲು ಔರಂಗಾಬಾದಿನ ಕಾಲದ್ದು. ಹಾಗಾಗಿ ಹಳೆಯದನ್ನು ಹೇಳುವಾಗ ಹಳೆಯ ಹೆಸರನ್ನೇ ಬಳಸುತ್ತೇನೆ.

ಕನ್ನಡದವರಿಗೆ ಈ ಕತೆ ಪರವೂರಿನದಲ್ಲ. 1956ರವರೆಗೆ ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳೂ ಮರಾಠವಾಡದ ಜಿಲ್ಲೆಗಳೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಉದಗೀರ, ನಿಲಂಗಾ ಆಗ ಬೀದರ ಜಿಲ್ಲೆಯ ತಾಲ್ಲೂಕುಗಳು. ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಆಚೆ ಹೋದವು. ಮನೆಯಲ್ಲಿ ಕನ್ನಡ ಆಡುವ ಗಡಿನಾಡಿನ ಹುಡುಗರೂ ಮುಂದೆ ಇದೇ ವಿಶ್ವವಿದ್ಯಾಲಯದ ಪದವಿ ಪಡೆದರು. ನಿಜಾಮನ ವಿರುದ್ಧ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಹೋರಾಟವನ್ನು ಮುನ್ನಡೆಸಿದ ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ. ಅವರ ಹೆಸರಿನ ವಿಶ್ವವಿದ್ಯಾಲಯ ಇರುವುದು ನಾಂದೇಡದಲ್ಲಿ. ಅದನ್ನೂ ಈ ಔರಂಗಾಬಾದ್ ವಿಶ್ವವಿದ್ಯಾಲಯವನ್ನು ಒಡೆದೇ ಕಟ್ಟಿದ್ದು, ಅದೂ 1994ರಲ್ಲೇ.

ವಿದ್ಯಾರ್ಥಿಗಳು ತಮ್ಮ ತೀರ್ಮಾನವನ್ನು ತಾವೇ ತೆಗೆದುಕೊಂಡ ಹಳೆಯ ಪ್ರಸಂಗ ಒಂದು ನಾಸಿಕ್ ಮತ್ತು ಔರಂಗಾಬಾದ್ ಎರಡನ್ನೂ ಬೆಸೆಯುತ್ತದೆ. 1909ರ ಡಿಸೆಂಬರ್ 21ರ ರಾತ್ರಿ ನಾಸಿಕ್‌ನ ವಿಜಯಾನಂದ ನಾಟಕ ಮಂದಿರದಲ್ಲಿ ಕಲೆಕ್ಟರ್ ಜಾಕ್ಸನ್‌ಗೆ ಗುಂಡಿಟ್ಟ ಅನಂತ ಕಾನ್ಹೆರೆ ಔರಂಗಾಬಾದಿನಲ್ಲಿ ಓದುತ್ತಿದ್ದವನು. ವಯಸ್ಸು ಇನ್ನೂ ಹದಿನೆಂಟರ ಆಸುಪಾಸು. ಜೊತೆಗಿದ್ದವರು ಬೆರಳೆಣಿಕೆಯ ಮಂದಿ, ಸಮಾಲೋಚನೆ ಎಲ್ಲ ಗುಟ್ಟಿನಲ್ಲಿ. ಯಾರ ಪ್ರತಿನಿಧಿಯೂ ಅಲ್ಲದ ಹುಡುಗನೊಬ್ಬ ದೇಶದ ಪರವಾಗಿ ತೀರ್ಮಾನ ಮಾಡಿದ. ಮರುವರ್ಷದ ಏಪ್ರಿಲ್‌ನಲ್ಲಿ ಠಾಣೆಯ ಜೈಲಿನಲ್ಲಿ ಗಲ್ಲಿಗೇರಿದ. ಇಪ್ಪತ್ತು ವರ್ಷ ಕಳೆದ ಮೇಲೆ ಅದೇ ನಾಸಿಕ್‌ನಲ್ಲಿ ಇನ್ನೊಂದು ಬಗೆಯ ಹೋರಾಟ. 1930ರ ಮಾರ್ಚ್ 2ರಂದು ಅಂಬೇಡ್ಕರರ ನೇತೃತ್ವದಲ್ಲಿ ಕಾಳಾರಾಮ ಮಂದಿರ ಪ್ರವೇಶ ಸತ್ಯಾಗ್ರಹ ಶುರುವಾಯಿತು. ಗೋಖಲೆ ಎಜುಕೇಷನ್ ಸೊಸೈಟಿಯ ಎಚ್‌ಪಿಟಿ ಕಾಲೇಜಿನಲ್ಲಿ ಓದಿದ ವಿ.ವಾ. ಶಿರವಾಡಕರ್ ಆ ಸತ್ಯಾಗ್ರಹದಲ್ಲಿ ಪಾಲುಗೊಂಡ ಮೇಲ್ಜಾತಿಯ ತರುಣರಲ್ಲೊಬ್ಬರು. ಕನ್ನಡ ಓದುಗರು ಅವರನ್ನು ಜ್ಞಾನಪೀಠದ ಕುಸುಮಾಗ್ರಜ ಎಂದು ಬಲ್ಲರು. ಐದು ವರ್ಷ ಕಾದರೂ ಗುಡಿಯ ಬಾಗಿಲು ತೆರೆಯಲಿಲ್ಲ. 1935ರ ಅಕ್ಟೋಬರ್ 13ರಂದು ನಾಸಿಕ್ ಜಿಲ್ಲೆಯ ಯೇವಲೆಯಲ್ಲಿ ಅಂಬೇಡ್ಕರರು, ಹಿಂದೂವಾಗಿ ಹುಟ್ಟಿದ್ದೇನೆ, ಹಿಂದೂವಾಗಿ ಸಾಯಲಾರೆ ಎಂದು ಸಾರಿದರು.

ಔರಂಗಾಬಾದಿನ ವಿದ್ಯಾರ್ಥಿಗಳು ಗುಂಪಾಗಿ ಎದ್ದುನಿಂತದ್ದು 1938ರ ನವೆಂಬರಿನಲ್ಲಿ. ಅಲ್ಲಿನ ಇಂಟರ್‌ಮೀಡಿಯೆಟ್ ಕಾಲೇಜು ಆಗ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಕಲಬುರಗಿಯ ಇಂಟರ್‌ಮೀಡಿಯೆಟ್ ಕಾಲೇಜೂ ಹಾಗೆಯೇ. ಹಾಸ್ಟೆಲಿನ ಹಿಂದೂ ವಿದ್ಯಾರ್ಥಿಗಳು ಪ್ರಾರ್ಥನೆಯಲ್ಲಿ ವಂದೇ ಮಾತರಂ ಹಾಡುತ್ತಿದ್ದರು. ಇದು ಪ್ರಾರ್ಥನೆಯಲ್ಲ, ರಾಜಕೀಯ, ಉಳಿದವರ ಮನಸ್ಸು ನೋಯುತ್ತದೆ ಎಂದು ಆಡಳಿತ ತಡೆಯಿತು. ಹುಡುಗರು ಜಗ್ಗಲಿಲ್ಲ. ಮುಷ್ಕರ ಔರಂಗಾಬಾದಿನಿಂದ ಹೈದರಾಬಾದಿಗೆ, ಅಲ್ಲಿಂದ ಕಲಬುರಗಿಗೆ, ಬೇರೆ ಊರುಗಳಿಗೆ ಹಬ್ಬಿತು. ನೂರಾರು ವಿದ್ಯಾರ್ಥಿಗಳ ಹೆಸರು ಹಾಜರಿ ಪುಸ್ತಕದಿಂದ ಹೋಯಿತು. ಓದು ನಿಂತೇಹೋಯಿತು ಎನ್ನುವಾಗ ನಾಗಪುರ ವಿಶ್ವವಿದ್ಯಾಲಯದ ಕುಲಪತಿ ಟಿ.ಜೆ. ಕೇದಾರ್ ಅವರನ್ನೆಲ್ಲ ಸೇರಿಸಿಕೊಂಡರು. ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಕೂಡ ಆ ಚಳವಳಿಯಲ್ಲಿದ್ದವರೇ. ಔರಂಗಾಬಾದಿನಲ್ಲಿ ಈ ಹುಡುಗರ ಬೆನ್ನಿಗೆ ನಿಂತವರಲ್ಲಿ ಗೋವಿಂದಭಾಯ್ ಶ್ರಾಫ್ ಎಂಬ ಯುವ ಗಣಿತ ಮೇಷ್ಟ್ರು ಒಬ್ಬರು. ಆ ಹೆಸರನ್ನು ನೆನಪಿಟ್ಟುಕೊಳ್ಳಿ, ನಲವತ್ತು ವರ್ಷದ ಮೇಲೆ ಮತ್ತೆ ಬರುತ್ತದೆ.

1938ರ ಹುಡುಗರಿಗೆ ಒಂದು ಅನುಕೂಲ ಇತ್ತು. ಎದುರಾಳಿ ಮೇಲೆ ಕೂತಿದ್ದ, ಹೊರಗಿನವನಾಗಿದ್ದ. ‘ನಾವು ವಿದ್ಯಾರ್ಥಿಗಳು’ ಎಂದರೆ ಆ ‘ನಾವು’ ಯಾರು ಎಂದು ಕೇಳುವವರು ಕಡಿಮೆ. ಹಾಗೆ ಕೇಳಬಹುದಾಗಿದ್ದವರಿಗೆ ಆಗಿನ್ನೂ ಕಾಲೇಜಿನ ಮೆಟ್ಟಿಲೇ ಸಿಕ್ಕಿರಲಿಲ್ಲ.

ಅವರಿಗೆ ಮೆಟ್ಟಿಲು ಕಟ್ಟಿಸಿದವರು ಅಂಬೇಡ್ಕರ್. ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಎರಡು ವರ್ಷಕ್ಕೆ, 1950ರಲ್ಲಿ, ಅವರ ಪೀಪಲ್ಸ್ ಎಜುಕೇಷನ್ ಸೊಸೈಟಿ ಔರಂಗಾಬಾದಿನಲ್ಲಿ ಕಾಲೇಜು ತೆರೆಯಿತು. ಮರಾಠವಾಡದಲ್ಲಿ ಉನ್ನತ ಶಿಕ್ಷಣ ಎಂದರೆ ಹೈದರಾಬಾದಿಗೆ ಹೋಗಬೇಕಿದ್ದ ಕಾಲ ಅದು. 1951ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಕಟ್ಟಡಕ್ಕೆ ಅಡಿಗಲ್ಲು ಹಾಕಿದರು. ಕಾಲೇಜಿಗೆ ಮಿಲಿಂದ, ಆವರಣಕ್ಕೆ ನಾಗಸೇನವನ ಎಂದು ಹೆಸರಿಟ್ಟದ್ದು ರಾಜನೂ ಭಿಕ್ಷುವೂ ಸಮಾನರಾಗಿ ಕೂತು ಪ್ರಶ್ನೋತ್ತರ ನಡೆಸಿದ ಬೌದ್ಧ ಕತೆಯ ನೆನಪಿಗೆ. ಹಳ್ಳಿಯಾಚೆಯ ಕೇರಿಗಳಲ್ಲಿ ಬೆಳೆದ ಹುಡುಗರು ಅಲ್ಲಿಂದ ವಕೀಲರು, ಅಧ್ಯಾಪಕರು, ಗುಮಾಸ್ತರು, ಕವಿಗಳಾಗಿ ಹೊರಬಿದ್ದರು. ದಲಿತ ಸಾಹಿತ್ಯದ ‘ಅಸ್ಮಿತಾದರ್ಶ’ ಪತ್ರಿಕೆಯನ್ನು ಗಂಗಾಧರ ಪಾಂತಾವಣೆ ನಡೆಸಿದ್ದೂ ಇದೇ ಊರಿನಿಂದ. 1958ರ ಆಗಸ್ಟ್ 23ರಂದು ಮರಾಠವಾಡ ವಿಶ್ವವಿದ್ಯಾಲಯವನ್ನು ನೆಹರೂ ಉದ್ಘಾಟಿಸುವ ಹೊತ್ತಿಗೆ ಮಿಲಿಂದ ಕಾಲೇಜಿಗೆ ಎಂಟು ವರ್ಷ ತುಂಬಿತ್ತು.

1970ರ ದಶಕದಲ್ಲಿ ಮರಾಠವಾಡದ ವಿದ್ಯಾರ್ಥಿ ಚಳವಳಿಗೆ ಒಳ್ಳೆಯ ಬಲ ಬಂದಿತ್ತು. 1974ರ ಮರಾಠವಾಡ ವಿಕಾಸ ಆಂದೋಲನ ಶುರುವಾದದ್ದೇ ಪರಭಣಿಯ ಕೃಷಿ ವಿಶ್ವವಿದ್ಯಾಲಯದ ಕೆಳಹಂತದ ನೌಕರಿಗಳು ಹೊರಗಿನವರ ಪಾಲಾಗುತ್ತಿವೆ ಎಂಬ ಸಿಟ್ಟಿನಿಂದ. ನೌಕರಿ, ನೀರಾವರಿ, ಕೈಗಾರಿಕೆ, ನಾಸಿಕ್ ಜಿಲ್ಲೆಯ ಮನಮಾಡಿನಿಂದ ಈಚೆಗೆ ಬ್ರಾಡ್‌ಗೇಜ್ ರೈಲು, ಇವು ಬೇಡಿಕೆಗಳು. ಪುಣೆ, ನಾಸಿಕ್ ಕಡೆಯವರೆಲ್ಲ ಮುಂದೆ ಹೋದರು, ನಾವು ಹಿಂದೆ ಉಳಿದೆವು ಎಂಬ ಅಳಲು. ನಮ್ಮ ಹೈದರಾಬಾದ್ ಕರ್ನಾಟಕದವರು ಹಳೆ ಮೈಸೂರಿನವರ ಬಗ್ಗೆ ಆಡಿದ ಮಾತೂ ಇದೇ. ಈ ಆಂದೋಲನದಲ್ಲಿ ವಿದ್ಯಾರ್ಥಿಗಳೇ ಮರಾಠವಾಡದ ದನಿಯಾದರು. ‘ಮರಾಠವಾಡ’ ಎಂಬ ಹೆಸರು ಅವರಿಗೆ ಬರೀ ಪ್ರದೇಶದ ಹೆಸರಾಗಿ ಉಳಿಯಲಿಲ್ಲ, ಹಕ್ಕಿನ ಹೆಸರಾಯಿತು. ಅದೇ ಹೆಸರು ವಿಶ್ವವಿದ್ಯಾಲಯದ ಫಲಕದಲ್ಲೂ ಇತ್ತು.

1977ರಲ್ಲಿ ದಲಿತ ಪ್ಯಾಂಥರ್ಸ್ ಮತ್ತು ದಲಿತ ವಿದ್ಯಾರ್ಥಿ ಸಂಘಟನೆಗಳು ವಿಶ್ವವಿದ್ಯಾಲಯಕ್ಕೆ ಅಂಬೇಡ್ಕರರ ಹೆಸರಿಡಿ ಎಂದು ಕೇಳಿದವು. ಮುಖ್ಯಮಂತ್ರಿ ವಸಂತದಾದಾ ಪಾಟೀಲರ ಮುಂದೆ ಬೇಡಿಕೆ ಹೋಯಿತು. ಈಗ ಬಹಳ ಜನ ಮರೆತಿರುವ ಸಂಗತಿ ಎಂದರೆ, ಮೊದಮೊದಲು ದಲಿತೇತರ ವಿದ್ಯಾರ್ಥಿ ಗುಂಪುಗಳಲ್ಲಿ ಕೆಲವು ಇದಕ್ಕೆ ಒಪ್ಪಿದ್ದವು. ಒಪ್ಪಿಗೆಯ ಹಿಂದೆ ಲೆಕ್ಕಾಚಾರವೂ ಇತ್ತು. ಶುಲ್ಕ ಇಳಿಸಿ, ಪುಸ್ತಕ ಅಗ್ಗ ಮಾಡಿ ಎಂಬ ತಮ್ಮ ಬೇಡಿಕೆಗಳಿಗೆ ದಲಿತ ವಿದ್ಯಾರ್ಥಿಗಳ ಬೆಂಬಲ ಬೇಕಿತ್ತು. ಎಲ್ಲವನ್ನೂ ಒಂದೇ ಮನವಿಪತ್ರದಲ್ಲಿ ಹಾಕಿದರೆ ಎಲ್ಲರೂ ಒಟ್ಟಿಗೆ ಬೀದಿಗಿಳಿಯಬಹುದು. ವಿದ್ಯಾರ್ಥಿ ಸಂಘದ ರಾಜಕೀಯ ಬಲ್ಲವರಿಗೆ ಇದು ಹೊಸದಲ್ಲ, ಕೊಟ್ಟು ತೆಗೆದುಕೊಳ್ಳುವ ವ್ಯವಹಾರ.

ಆ ಹೊಂದಾಣಿಕೆ ಬಹಳ ದಿನ ಬಾಳಲಿಲ್ಲ. ಯಾಕೆ ಮುರಿಯಿತು ಎಂಬುದಕ್ಕೆ ಎರಡು ಮಾತು ಕೇಳಿಬರುತ್ತವೆ. ಶುಲ್ಕ, ಪುಸ್ತಕದ ವಿಷಯದಲ್ಲಿ ದಲಿತ ವಿದ್ಯಾರ್ಥಿಗಳು ಆಸಕ್ತಿ ತೋರಲಿಲ್ಲ. ಪ್ಯಾಂಥರ್ ನಾಯಕ ಗಂಗಾಧರ ಗಾಡೆ ಆವರಣದಲ್ಲೇ ಭಾಷಣ ಮಾಡಿ, ಹೋರಾಟದ ಶ್ರೇಯಸ್ಸೆಲ್ಲ ದಲಿತರದೇ ಎಂದದ್ದಕ್ಕೆ ಉಳಿದವರು ಹಿಂದೆ ಸರಿದರು ಎಂಬುದು ಒಂದು. ಆ ದಿನಗಳನ್ನು ಹತ್ತಿರದಿಂದ ನೋಡಿ ಬರೆದ ಗೇಲ್ ಆಮ್ವೆಟ್ ಇದನ್ನು ಹಾಗೆಯೇ ಒಪ್ಪುವುದಿಲ್ಲ. ಸವರ್ಣ ವಿದ್ಯಾರ್ಥಿಗಳಲ್ಲಿ ತುಂಬಿದ್ದ ಜಾತಿಯ ಭಾವನೆಯೇ ಕಾರಣ ಎನ್ನುತ್ತಾರೆ. ನನಗೂ ಎರಡನೆಯದೇ ಸರಿ ಎನಿಸುತ್ತದೆ. ಒಂದು ಭಾಷಣಕ್ಕೆ ಮುನಿಸಿಕೊಂಡವರು ಮನೆಗೆ ಹೋಗುತ್ತಾರೆ. ಎದುರು ಮೆರವಣಿಗೆ ಕಟ್ಟುವುದಿಲ್ಲ. ಅದರ ಅಡಿಯಲ್ಲಿ ನೌಕರಿಯ ಸಂಕಟವೂ ಇತ್ತು. ಬರಗಾಲದ ಸೀಮೆಯ ಒಕ್ಕಲು ಮನೆಯ ಹುಡುಗ ಮೊದಲ ಸಲ ಬಿ.ಎ. ಮಾಡಿ ಗುಮಾಸ್ತಿಕೆಗೆ ಅರ್ಜಿ ಹಾಕುತ್ತಿದ್ದ ಹೊತ್ತಿನಲ್ಲೇ, ನಿನ್ನೆಯವರೆಗೆ ತನ್ನ ಹೊಲದಲ್ಲಿ ದುಡಿದವರ ಮಗ ಮಿಲಿಂದದಲ್ಲಿ ಓದಿ ಅದೇ ಸಾಲಿನಲ್ಲಿ ನಿಂತಿದ್ದ. ಸ್ಕಾಲರ್‌ಶಿಪ್, ಮೀಸಲಾತಿ ಎಂಬ ಮಾತುಗಳು ಹಾಸ್ಟೆಲ್ ಕೋಣೆಗಳಲ್ಲಿ ಬೇರೆಯೇ ದನಿಯಲ್ಲಿ ಕೇಳತೊಡಗಿದವು.

ನಾಮಾಂತರ ವಿರೋಧಕ್ಕೆ ನಿಂತವರು ವಿದ್ಯಾರ್ಥಿಗಳ ಹೆಸರಲ್ಲೇ ಕ್ರಿಯಾ ಸಮಿತಿ ಕಟ್ಟಿಕೊಂಡರು. ಬಂದ್ ಕರೆಕೊಟ್ಟರೆ ‘ಮರಾಠವಾಡದ ವಿದ್ಯಾರ್ಥಿಗಳ ಬಂದ್’ ಎಂದೇ ಸುದ್ದಿ. ಮಿಲಿಂದ ಕಾಲೇಜಿನವರೂ ಮರಾಠವಾಡದ ವಿದ್ಯಾರ್ಥಿಗಳೇ ಅಲ್ಲವೇ ಎಂದು ಕೇಳಿದರೆ ಉತ್ತರ ಇಲ್ಲ. ಬಹುಸಂಖ್ಯಾತರು ಬೀದಿಗೆ ಬಂದಾಗ ಅವರನ್ನು ‘ವಿದ್ಯಾರ್ಥಿಗಳು’ ಎಂದೂ ಉಳಿದವರು ಬಂದಾಗ ‘ದಲಿತ ವಿದ್ಯಾರ್ಥಿಗಳು’ ಎಂದೂ ಕರೆಯುವ ರೂಢಿ ನಮ್ಮಲ್ಲೂ ಇದೆ. ನಾಲ್ಕೈದು ವರ್ಷ ಮುಂಚೆ, 1973ರ ನವೆಂಬರಿನಲ್ಲಿ, ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಎಂದ ಮಾತಿಗೆ ಎದ್ದ ಗಲಭೆಯಲ್ಲೂ ಇದೇ ಆಯಿತು. ಆಗ ‘ಕನ್ನಡ ವಿದ್ಯಾರ್ಥಿಗಳು’ ಹಾಸ್ಟೆಲುಗಳಲ್ಲಿ ಹೊಡೆದದ್ದು ಕನ್ನಡದವರೇ ಆದ ದಲಿತ ವಿದ್ಯಾರ್ಥಿಗಳನ್ನು.

ದೊಡ್ಡವರಲ್ಲೂ ಬಿರುಕು ಬಿಟ್ಟಿತು. ಎಸ್.ಎಂ. ಜೋಶಿ, ಬಾಬಾ ಆಢಾವ್ ಅವರಂಥ ಸಮಾಜವಾದಿಗಳೂ ಯುವಕ ಕ್ರಾಂತಿ ದಳದ ತರುಣರೂ ನಾಮಾಂತರದ ಪರ. ‘ಮರಾಠವಾಡ’ ದಿನಪತ್ರಿಕೆಯ ಸಂಪಾದಕ ಅನಂತರಾವ್ ಭಾಲೇರಾವ್ ವಿರೋಧ. ಗೋವಿಂದಭಾಯ್ ಶ್ರಾಫ್ ಕೂಡ ವಿರೋಧ. ಮರಾಠವಾಡ ಎಂಬ ಹೆಸರು ನಿಜಾಮನಿಂದ ಬಿಡಿಸಿಕೊಂಡ ನಾಡಿನ ಗುರುತು, ಅದನ್ನು ಅಳಿಸಬಾರದು ಎಂಬುದು ಅವರ ನಿಲುವು. ಅವರನ್ನು ಜಾತಿವಾದಿ ಎಂದು ಸುಲಭಕ್ಕೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಅವರ ಬದುಕು ಹಾಗಿರಲಿಲ್ಲ. ಆದರೆ ತಮ್ಮ ಮಾತಿನ ಆಸರೆಯಲ್ಲಿ ಹಳ್ಳಿಗಳಲ್ಲಿ ಏನು ನಡೆದೀತು ಎಂಬ ಅಂದಾಜು ಅವರಿಗೆ ಸಾಲಲಿಲ್ಲ ಎಂದಂತೂ ಹೇಳಬೇಕು.

ಶರದ್ ಪವಾರ್ ಮುಖ್ಯಮಂತ್ರಿಯಾದದ್ದು 1978ರ ಜುಲೈ 18ರಂದು. ಒಂಬತ್ತನೇ ದಿನಕ್ಕೆ, ಜುಲೈ 27ರಂದು, ವಿಧಾನಮಂಡಲದ ಎರಡೂ ಸದನಗಳು ನಾಮಾಂತರದ ಗೊತ್ತುವಳಿ ಅಂಗೀಕರಿಸಿದವು. ಅಂದೇ ಔರಂಗಾಬಾದಿನಲ್ಲಿ ಗಲಭೆ ಶುರು. ಮರುದಿನದಿಂದ ನಾಂದೇಡ, ಪರಭಣಿ, ಬೀಡ್, ಉಸ್ಮಾನಾಬಾದ್. ಮೊದಲು ಕಾಲೇಜು ಮುಚ್ಚಿಸಿದರು, ಬಸ್ಸಿಗೆ ಕಲ್ಲು ಹೊಡೆದರು, ರೈಲು ತಡೆದರು. ಅಲ್ಲಿಯವರೆಗೆ ಅದು ವಿದ್ಯಾರ್ಥಿಗಳ ಗಲಾಟೆ. ಆಮೇಲೆ ಹಳ್ಳಿಗೆ ಇಳಿಯಿತು. ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಕೇರಿಗಳ ಮೇಲೆ ದಾಳಿ, ಗುಡಿಸಲುಗಳಿಗೆ ಬೆಂಕಿ. ಮಳೆಗಾಲದಲ್ಲಿ ಜನ ಕಾಡು ಸೇರಿದರು. ನಾಂದೇಡ ಜಿಲ್ಲೆಯ ಟೆಂಭುರ್ಣಿಯಲ್ಲಿ ಪೋಚಿರಾಮ್ ಕಾಂಬಳೆಯನ್ನು ಕೊಂದರು. ಆತ ಮಾತಂಗ ಜಾತಿಯವನು. ನಾಮಾಂತರದ ಮುಂಚೂಣಿಯಲ್ಲಿದ್ದ ಬೌದ್ಧ ದಲಿತರವನೂ ಅಲ್ಲ. ವಿಶ್ವವಿದ್ಯಾಲಯದ ಫಲಕದ ಮೇಲೆ ಯಾವ ಅಕ್ಷರ ಇರಬೇಕು ಎಂಬ ಜಗಳಕ್ಕೆ, ಆ ವಿಶ್ವವಿದ್ಯಾಲಯಕ್ಕೂ ತನಗೂ ಸಂಬಂಧವೇ ಇಲ್ಲದ ಬಡವ ಜೀವ ತೆತ್ತ. ಸರ್ಕಾರ ಹೆದರಿ ಗೊತ್ತುವಳಿಯನ್ನು ಬದಿಗಿಟ್ಟಿತು.

ಇಲ್ಲಿ ನಿಂತು ಒಂದು ಪ್ರಶ್ನೆ ಕೇಳಬೇಕು. ಆ ಕಾಲದ ಕಾಲೇಜುಗಳಲ್ಲಿ ಚುನಾವಣೆ ಇತ್ತು, ಚುನಾಯಿತ ಪ್ರತಿನಿಧಿಗಳಿದ್ದರು. ಹಾಗಿದ್ದರೂ ಈ ವಿವಾದ ವಿದ್ಯಾರ್ಥಿ ಸಂಘದ ಸಭೆಯಲ್ಲಿ ಏಕೆ ತೀರಲಿಲ್ಲ? ಹೆಚ್ಚು ಮತ ಪಡೆದವನೇ ಎಲ್ಲವನ್ನೂ ಗೆಲ್ಲುವ ಪದ್ಧತಿಯಲ್ಲಿ ಕಡಿಮೆ ಇರುವವರ ಮಾತು ದಾಖಲೆಗೂ ಬರುವುದಿಲ್ಲ ಎಂಬುದು ಒಂದು ಉತ್ತರ. ಹೆಚ್ಚಿನ ಕಾಲೇಜುಗಳಲ್ಲಿ ಮರಾಠಾ ಮತ್ತಿತರ ಜಾತಿಗಳ ಹುಡುಗರೇ ಹೆಚ್ಚು. ಮಿಲಿಂದದಂಥ ಒಂದೆರಡು ಕಡೆ ಮಾತ್ರ ಲೆಕ್ಕ ಬೇರೆ. ಅಂದರೆ ಚುನಾವಣೆಯ ದೋಷ ನಿಜವಾದದ್ದೇ. ಮದ್ದು ಬೇಕಿತ್ತು. ಸೀಟು ಮೀಸಲಿಡಬಹುದಿತ್ತು, ಗಂಭೀರ ವಿಷಯಗಳಿಗೆ ಬರೀ ಬಹುಮತ ಸಾಲದು ಎಂದು ನಿಯಮ ಮಾಡಬಹುದಿತ್ತು. ಸರ್ಕಾರ ಮುಂದೆ ಮಾಡಿದ್ದು ಇದ್ಯಾವುದೂ ಅಲ್ಲ.

ಹೋರಾಟ ನಿಲ್ಲಲಿಲ್ಲ. 1979ರ ನವೆಂಬರಿನಲ್ಲಿ ದಲಿತ ನಾಯಕ ಜೋಗೇಂದ್ರ ಕವಾಡೆ ನಾಗಪುರದ ದೀಕ್ಷಾಭೂಮಿಯಿಂದ ಔರಂಗಾಬಾದಿಗೆ ಲಾಂಗ್ ಮಾರ್ಚ್ ಹೊರಟರು. ದಾರಿಯಲ್ಲೇ ಪೊಲೀಸರು ತಡೆದು ಬಂಧಿಸಿದರು. ಸತ್ಯಾಗ್ರಹ, ಜೈಲು, ಮತ್ತೆ ಸತ್ಯಾಗ್ರಹ. ಮುಖ್ಯಮಂತ್ರಿಗಳು ಬಂದರು, ಹೋದರು. 1980ರ ದಶಕದಲ್ಲಿ ಔರಂಗಾಬಾದಿನಲ್ಲಿ ಬೇರೂರಿದ ಶಿವಸೇನೆ ನಾಮಾಂತರವನ್ನು ಕಡುವಾಗಿ ವಿರೋಧಿಸಿತು. 1993ರ ನವೆಂಬರಿನಲ್ಲಿ ನಾಂದೇಡದಲ್ಲಿ ಗೌತಮ ವಾಘಮಾರೆ ನಾಮಾಂತರಕ್ಕಾಗಿ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತ. ಎರಡು ತಿಂಗಳೊಳಗೆ, ಆಗ ಮತ್ತೆ ಮುಖ್ಯಮಂತ್ರಿಯಾಗಿದ್ದ ಅದೇ ಶರದ್ ಪವಾರ್, ಎರಡೂ ಹೆಸರು ಕೂಡಿಸಿ ರಾಜಿ ಮಾಡಿದರು. ಮರಾಠವಾಡವೂ ಉಳಿಯಿತು, ಬಾಬಾಸಾಹೇಬರೂ ಬಂದರು. ಈಗಲೂ ಪ್ರತಿ ಜನವರಿ 14ಕ್ಕೆ ವಿಶ್ವವಿದ್ಯಾಲಯದ ಹೆಬ್ಬಾಗಿಲಿನ ಮುಂದೆ ಜಾತ್ರೆಯಷ್ಟು ಜನ. ರಿಪಬ್ಲಿಕನ್ ಪಕ್ಷದ ಬಣಗಳು ಒಂದೊಂದೂ ತನ್ನದೇ ವೇದಿಕೆ ಹಾಕಿಕೊಳ್ಳುತ್ತವೆ. ನೀಲಿ ಬಾವುಟ, ಪುಸ್ತಕದ ಅಂಗಡಿ. ಹಳ್ಳಿಗಳಿಂದ ಬಂದವರು ಮಕ್ಕಳನ್ನು ಎತ್ತಿಕೊಂಡು ಬಂದು ಆ ಬಾಗಿಲಿಗೆ ಕೈಮುಗಿಯುತ್ತಾರೆ. ವಿಶ್ವವಿದ್ಯಾಲಯದ ಬಾಗಿಲಿಗೆ ಜನ ಕೈಮುಗಿಯುವ ಇಂಥ ನೋಟ ಬೇರೆಲ್ಲೂ ಸಿಗುವುದು ಕಷ್ಟ.

ಇನ್ನು 1994ರ ಕಾಯ್ದೆಗೆ ಬರೋಣ. ಕಾಲೇಜು ಚುನಾವಣೆಗಳಲ್ಲಿ ಹಣ, ಗೂಂಡಾಗಳು, ಪಕ್ಷಗಳ ಜೀಪು ಎಲ್ಲ ಬಂದಿದ್ದವು, ಸುಳ್ಳಲ್ಲ. 1989ರಲ್ಲಿ ಮುಂಬಯಿಯಲ್ಲಿ ವಿದ್ಯಾರ್ಥಿ ನಾಯಕನೊಬ್ಬನ ಕೊಲೆಯಾದ ಮೇಲೆ ಚುನಾವಣೆಯೇ ಬೇಡ ಎಂಬ ಕೂಗು ಜೋರಾಯಿತು. ಕಾಯ್ದೆಯ 40ನೇ ಕಲಂ ಕೊಟ್ಟ ಪರ್ಯಾಯವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಕಾಲೇಜಿನ ವಿದ್ಯಾರ್ಥಿ ಪರಿಷತ್ತಿಗೆ ಪ್ರಿನ್ಸಿಪಾಲರೇ ಅಧ್ಯಕ್ಷರು. ಅವರು ನೇಮಿಸಿದ ಒಬ್ಬ ಅಧ್ಯಾಪಕರು, ಎನ್‌ಸಿಸಿ, ಎನ್‌ಎಸ್‌ಎಸ್ ಅಧಿಕಾರಿಗಳು, ದೈಹಿಕ ಶಿಕ್ಷಣದವರು ಸದಸ್ಯರು. ತರಗತಿಗೆ ಒಬ್ಬ ವಿದ್ಯಾರ್ಥಿ: ಹಿಂದಿನ ವರ್ಷದ ಪರೀಕ್ಷೆಯಲ್ಲಿ ಚೆನ್ನಾಗಿ ಅಂಕ ತೆಗೆದವನು, ಅವನನ್ನೂ ನೇಮಿಸುವವರು ಪ್ರಿನ್ಸಿಪಾಲರು. ಆಟೋಟ, ಸಾಂಸ್ಕೃತಿಕ ಚಟುವಟಿಕೆ, ಎನ್‌ಸಿಸಿ, ಎನ್‌ಎಸ್‌ಎಸ್‌ಗೆ ಒಬ್ಬೊಬ್ಬರು, ಅದೂ ನೇಮಕ. ಇಬ್ಬರು ವಿದ್ಯಾರ್ಥಿನಿಯರು, ಅದೂ ನೇಮಕ. ಹೀಗೆ ಕೂಡಿಸಿದ ಹುಡುಗ ಹುಡುಗಿಯರು ತಮ್ಮೊಳಗೆ ಒಬ್ಬರನ್ನು ಕಾರ್ಯದರ್ಶಿಯಾಗಿ ಆರಿಸಿಕೊಳ್ಳಬಹುದು. ಉಳಿದ ಮತ ಇದೊಂದೇ.

ಅಂಕಪಟ್ಟಿ ನೋಡಿ ಪ್ರತಿನಿಧಿಯನ್ನು ಹುಡುಕುವ ಈ ಉಪಾಯ ಕೇಳಲು ಸಭ್ಯವಾಗಿದೆ. ಆದರೆ ಮೊದಲ ರ‍್ಯಾಂಕಿನ ಹುಡುಗಿಗೆ ಹಾಸ್ಟೆಲಿನ ನೀರಿನ ತೊಂದರೆಯ ಬಗ್ಗೆ ಪ್ರಿನ್ಸಿಪಾಲರ ಎದುರು ಜಗಳ ಆಡುವ ಮನಸ್ಸು ಇರಲೇಬೇಕು ಎಂದೇನಿಲ್ಲ. ಇದ್ದರೂ ತನ್ನನ್ನು ನೇಮಿಸಿದವರ ಎದುರೇ ಆಡಬೇಕು. ತರಗತಿಯ ಉಳಿದವರು ಆಕೆಯನ್ನು ಕೇಳುವ ಹಾಗೂ ಇಲ್ಲ, ಕೆಳಗಿಳಿಸುವ ಹಾಗೂ ಇಲ್ಲ. ಅಂಕದ ಆಧಾರ ಎಂದರೆ ಮನೆಯಲ್ಲಿ ಓದಿದವರಿದ್ದು, ಟ್ಯೂಷನ್‌ಗೆ ದುಡ್ಡಿದ್ದವರ ಕಡೆಗೇ ತಕ್ಕಡಿ ವಾಲುತ್ತದೆ. 1978ರಲ್ಲಿ ಬಹುಮತ ಕೆಲವರನ್ನು ಹೊರಗಿಟ್ಟಿದ್ದರೆ 1994ರ ಪದ್ಧತಿ ಬಹುಪಾಲು ಎಲ್ಲರನ್ನೂ ಹೊರಗಿಟ್ಟಿತು.

2006ರಲ್ಲಿ ವಿದ್ಯಾರ್ಥಿ ಚುನಾವಣೆಗಳ ಬಗ್ಗೆ ಲಿಂಗ್ಡೋ ಸಮಿತಿ ಕೊಟ್ಟ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ ಒಪ್ಪಿತು. ಚುನಾವಣೆ ನಡೆಯಲಿ, ಆದರೆ ಅಭ್ಯರ್ಥಿಗೆ ವಯಸ್ಸಿನ ಮಿತಿ, ಶೇಕಡ 75ರಷ್ಟು ಹಾಜರಿ, ಖರ್ಚಿಗೆ 5,000 ರೂಪಾಯಿಯ ಗಡಿ ಇರಲಿ ಎಂಬುದು ಅದರ ಸಾರ. ಮಹಾರಾಷ್ಟ್ರ ಹತ್ತು ವರ್ಷ ತಡವಾಗಿ 2016ರ ಸಾರ್ವಜನಿಕ ವಿಶ್ವವಿದ್ಯಾಲಯ ಕಾಯ್ದೆಯಲ್ಲಿ ನೇರ ಚುನಾವಣೆಯನ್ನು ಮರಳಿ ತಂದಿತು. ಕಾಯ್ದೆ 2017ರ ಮಾರ್ಚ್‌ನಲ್ಲಿ ಜಾರಿಯಾಯಿತು. ಅದರ 99ನೇ ಕಲಂ ಚೆನ್ನಾಗಿದೆ, ಹೇಳಲೇಬೇಕು. ಅಧ್ಯಕ್ಷ, ಕಾರ್ಯದರ್ಶಿ, ಒಬ್ಬ ಮಹಿಳಾ ಪ್ರತಿನಿಧಿ, ಪರಿಶಿಷ್ಟ ಜಾತಿ, ಪಂಗಡ, ವಿಮುಕ್ತ ಅಲೆಮಾರಿ ಮತ್ತು ಹಿಂದುಳಿದ ವರ್ಗಗಳಿಂದ ಸರದಿಯ ಮೇಲೆ ಒಬ್ಬ ಪ್ರತಿನಿಧಿ, ಇವರನ್ನು ಕಾಲೇಜಿನ ಎಲ್ಲ ವಿದ್ಯಾರ್ಥಿಗಳೂ ನೇರವಾಗಿ ಆರಿಸಬೇಕು. 1977ರಲ್ಲಿ ಇಲ್ಲದೇಹೋದ ಕುರ್ಚಿ ಅಂತೂ ಕಾಗದದ ಮೇಲೆ ಬಂತು. ವಿಶ್ವವಿದ್ಯಾಲಯ ಪರಿಷತ್ತಿನ ಅಧ್ಯಕ್ಷ, ಕಾರ್ಯದರ್ಶಿಗಳಿಗೆ ಸೆನೆಟ್ಟಿನಲ್ಲೂ ಜಾಗ. 2019ರಲ್ಲಿ ಚುನಾವಣೆ ನಡೆಸುವ ಸಿದ್ಧತೆಯಾಗಿ, ವಿಧಾನಸಭಾ ಚುನಾವಣೆಯ ನೆಪದಲ್ಲಿ ಮುಂದಕ್ಕೆ ಹೋಯಿತು. ಮರುವರ್ಷ ಕೋವಿಡ್ ಬಂದು ಮತ್ತೆ ನಿಂತಿತು. ರಾಜ್ಯಕ್ಕೆ ಮತ ಹಾಕುವ ಹದಿನೆಂಟರ ಹುಡುಗ ಕಾಲೇಜಿಗೆ ಮತ ಹಾಕಿದರೆ ಶಾಂತಿ ಕೆಡುತ್ತದೆ ಎಂಬ ವಾದವನ್ನು, ಅದೇ ಕಾಲೇಜು ಚುನಾವಣೆಗಳಿಂದ ಮೇಲೆ ಬಂದ ಮಂತ್ರಿಗಳ ಬಾಯಲ್ಲಿ ಕೇಳಬೇಕಾಗಿರುವುದು ವಿಚಿತ್ರ.

ನಾಸಿಕ್‌ನ ಸ್ಥಿತಿ ಇನ್ನೂ ಬೇರೆ. ಅಲ್ಲಿನ ಸಾಮಾನ್ಯ ಕಾಲೇಜುಗಳು ಪುಣೆ ವಿಶ್ವವಿದ್ಯಾಲಯಕ್ಕೆ ಸೇರಿವೆ. ಅವುಗಳ ಪ್ರತಿನಿಧಿ ಪುಣೆಗೆ ಹೋಗಿ ಮಾತಾಡಬೇಕು. ಊರಿಗೆ ತನ್ನವೇ ಆದ ಎರಡು ದೊಡ್ಡ ವಿಶ್ವವಿದ್ಯಾಲಯಗಳಿವೆ: 1989ರ ಯಶವಂತರಾವ್ ಚವಾಣ್ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾಲಯ, 1998ರ ಮಹಾರಾಷ್ಟ್ರ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಎರಡಕ್ಕೂ ಬೇರೆ ಬೇರೆ ಕಾಯ್ದೆ, 2016ರ ಕಾಯ್ದೆ ಅವುಗಳಿಗೆ ಅನ್ವಯಿಸುವುದಿಲ್ಲ. ಮುಕ್ತ ವಿಶ್ವವಿದ್ಯಾಲಯದ ವಿದ್ಯಾರ್ಥಿ ಎಂದರೆ ಹೊಲದಲ್ಲಿ, ಅಂಗಡಿಯಲ್ಲಿ, ಪೊಲೀಸ್ ಠಾಣೆಯಲ್ಲಿ ದುಡಿಯುತ್ತ ಮನೆಯಲ್ಲೇ ಓದುವವರು. ಅವರಿಗೆ ಒಟ್ಟಿಗೆ ಕೂರುವ ಆವರಣವೇ ಇಲ್ಲ. ಆರೋಗ್ಯ ವಿಶ್ವವಿದ್ಯಾಲಯಕ್ಕೆ ಸೇರಿದ ವೈದ್ಯ, ನರ್ಸಿಂಗ್, ಆಯುರ್ವೇದ ವಿದ್ಯಾರ್ಥಿಗಳ ಪರೀಕ್ಷೆ, ಫಲಿತಾಂಶ ನಾಸಿಕ್‌ನಲ್ಲಿ ತೀರ್ಮಾನವಾಗುತ್ತದೆ, ಆ ತೀರ್ಮಾನದ ಮೇಜಿನಲ್ಲಿ ಅವರು ನೇರವಾಗಿ ಮತ ಹಾಕಿ ಕಳಿಸಿದವರು ಕೂರುವುದಿಲ್ಲ.

ಇದನ್ನು ಕಲಬುರಗಿ ಅಥವಾ ಧಾರವಾಡದಲ್ಲಿ ಕೂತು ಓದುವವರು ಮಹಾರಾಷ್ಟ್ರದವರ ಬಗ್ಗೆ ಮರುಗಬೇಕಾಗಿಲ್ಲ. ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘಗಳ ನೇರ ಚುನಾವಣೆ ನಿಂತದ್ದು 1980ರ ದಶಕದ ಕೊನೆಗೆ, ಅವರಿಗಿಂತ ನಾಲ್ಕೈದು ವರ್ಷ ಮೊದಲೇ. ಅವರ ಬಳಿ ಕಾಗದದಲ್ಲೇ ಉಳಿದ 99ನೇ ಕಲಂ ಆದರೂ ಇದೆ. ನಮ್ಮಲ್ಲಿ ಅದೂ ಇಲ್ಲ.